ಹದಿನೆಂಟು ಹೆಜ್ಜೆ, ಹನ್ನೊಂದು ಹೆಜ್ಜೆ

ಟೇಪು ಸಿಗಲಿಲ್ಲ. ಎರಡನೇ ಕ್ಲಾಸಿನ ಲಿಗಾಯ
ಕಾಲು ಚಾಚಿ ಚಾಚಿ ಅಳೆದಳು:
ಉದ್ದ ಹದಿನೆಂಟು, ಅಗಲ ಹನ್ನೊಂದು.
ಅಷ್ಟು ಡಾಂಬರಿಗೆ ಸೀಮೆಸುಣ್ಣದ ಗೆರೆ ಬಿತ್ತು.

ಮಿರೋನ್ ಕೆಮ್ಮಿದ.
ಇಪ್ಪತ್ತಾರು ವರ್ಷ ಈ ಅಂಗಳದ ಬಿರುಕುಗಳಿಗೆ
ಕೀಲೆಣ್ಣೆ ಕುಡಿಸಿ ಕುಡಿಸಿ ಕಾದವನು,
ಒಂದು ಹುಲ್ಲೆಳೆ ತಲೆಯೆತ್ತಿದರೂ
ಮೊದಲ ಗಂಟೆಗೆ ಮುಂಚೆ ಕಿತ್ತವನು.
ಈಗ ಅವನ ಕೈಗೇ ಕೊಟ್ಟಿದ್ದಾರೆ
ಒಡೆಯುವ ಯಂತ್ರ.

ವಿನಿಪೆಗ್ ಊರಿನ ಉತ್ತರದ ತುದಿ,
ರೈಲು ಹಳಿಯ ಆಚೆ ಪ್ರಾಥಮಿಕ ಶಾಲೆ.
ಡೆಜಾರ್ಲೇ ಟೀಚರ್ ಮಕ್ಕಳನ್ನು ಬೇಲಿಗೆ ಒರಗಿಸಿ
'ಕಿವಿ ಮುಚ್ಚಿ' ಎಂದರು. ಯಾರೂ ಮುಚ್ಚಲಿಲ್ಲ.

ಡಾಂಬರು ಎದ್ದು ಬಂತು
ಸೀದ ದೋಸೆಯ ಹಾಗೆ, ಅಂಚಿನಿಂದ.
ಅದರಡಿ ಜಲ್ಲಿ. ಜಲ್ಲಿಯಡಿ
ಅರವತ್ತು ವರ್ಷ ಬೆಳಕು ಕಾಣದ ಕಪ್ಪು ಮಣ್ಣು.
ಮಿರೋನ್ ಒಂದು ಹಿಡಿ ಎತ್ತಿ ಮೂಸಿದ,
ಏನೂ ಹೇಳಲಿಲ್ಲ.
ಅವನ ಅಜ್ಜಿ ಗೋಧಿ ಬಿತ್ತಿದ್ದು ಇಂಥದ್ದರಲ್ಲೇ.
ಡೆಜಾರ್ಲೇ ಟೀಚರರ ಅಜ್ಜಿಗೆ
ಅದಕ್ಕೂ ಮೊದಲಿನ ಹುಲ್ಲುಗಳ ಹೆಸರು ಗೊತ್ತಿತ್ತು.

ನವೆಂಬರಿನಲ್ಲಿ ಬಿತ್ತನೆ.
ಮನಿಲಾ ಬಿಟ್ಟು ಬಂದು ಎರಡನೇ ಚಳಿ ಕಾಣುತ್ತಿದ್ದ
ಲಿಗಾಯಳ ಅಪ್ಪ ಬೇಲಿಯಾಚೆಯಿಂದ ಕೇಳಿದ:
'ಹಿಮ ಬೀಳುವ ಹೊತ್ತಿಗೆ ಬಿತ್ತುವವರುಂಟೆ?'
'ಇವಕ್ಕೆ ಚಳಿ ತಾಗದೆ ಎಚ್ಚರವಾಗದು' ಎಂದರು ಟೀಚರ್.
ಬಯಲ ಹುಲ್ಲು, ನೇರಳೆ ತುರಾಯಿಯ ಗಿಡ,
ಮತ್ತೆ ನಮ್ಮ ಎಕ್ಕದ ದೂರದ ದಾಯಾದಿ:
ಕಾಯಿ ಬಿರಿದರೆ ಅಜ್ಜನ ಗಡ್ಡ ಹಾರಿಸುವಂಥದು,
ಕಿತ್ತಳೆ ಚಿಟ್ಟೆಯ ಹುಳು ತಿನ್ನುವ ಒಂದೇ ಸೊಪ್ಪು.
ಮಕ್ಕಳು ಕೈಗವಸು ಕಳಚಿ ಎರಚಿದರು,
ಮೇಲೆ ಕುಣಿದು ತುಳಿದರು. ಆ ದಿನದ ಪಾಠ ಅಷ್ಟೇ.
ಆಮೇಲೆ ಐದು ತಿಂಗಳು
ಬಿಳಿ ಹಾಳೆ.

ಹಳೇ ಜಿಮ್ಮಿನ ಕಿಟಕಿಯೊಂದು ನೆಲಮಾಳಿಗೆಯಲ್ಲಿತ್ತು.
ಹಿಮ ಕರಗಿದ ಮೇಲೆ ಮಿರೋನ್ ಯಾರನ್ನೂ ಕೇಳದೆ
ಅದನ್ನು ಮಣ್ಣಿನ ಅಂಚಿಗೆ ನೆಟ್ಟಗೆ ಹೂತ;
ಮುಂದೊಂದು ಗುಂಡಿ, ಆರು ಮೆಟ್ಟಿಲು, ತಗಡಿನ ಮುಚ್ಚಳ.
'ಯಾಕೆ?'
'ನೋಡೋಣ.'

ಮೊದಲ ಬೇಸಿಗೆ ಬೆರಳುದ್ದದ ಎಲೆ.
ಎರಡನೆಯದಕ್ಕೆ ಮೊಣಕಾಲಿಗೆ ಬಂತು.
ಜುಲೈ, ಶಾಲೆಗೆ ರಜೆ; ಮಿರೋನ್
ಸರೋವರದಲ್ಲಿ ಮೀನಿಗೆ ಕೂತಿದ್ದ ವಾರ
ಮಂಡಳಿಯ ಲಾರಿ ಬಂತು.
ಅವರ ಕಾಗದದಲ್ಲಿ ಒಂದೇ ಪದ: ಕಳೆ.
ಹುಡುಗನೊಬ್ಬ ಕಿವಿಗೆ ಹಾಡು ಸಿಕ್ಕಿಸಿಕೊಂಡು
ಯಂತ್ರ ಹತ್ತಿ ಕೂತ,
ನಾಲ್ಕು ನಿಮಿಷದಲ್ಲಿ ಚೊಕ್ಕಟ ಮಾಡಿ ಹೋದ.
ಅವನ ತಪ್ಪೇನು? ಹಲಗೆ ಬರೆದು ನೆಡಲು
ಎಲ್ಲರೂ ಮರೆತಿದ್ದರು.

ಸೆಪ್ಟೆಂಬರ್. ಲಿಗಾಯ ಈಗ ನಾಲ್ಕನೇ ಕ್ಲಾಸು.
ಕುಕ್ಕರುಗಾಲಲ್ಲಿ ಕೂತು ಕೊಯ್ದ ಬುಡ ಎಣಿಸಿದಳು:
ಇನ್ನೂರ ಆರು. ಕೊನೆಯ ಆರನ್ನು
ಎರಡು ಸಲ ಎಣಿಸಿದೆನೋ ಎಂದು ಅನುಮಾನ.
ಡೆಜಾರ್ಲೇ ಟೀಚರ್ ಕಪ್ಪು ಕನ್ನಡಕ ತೆಗೆಯಲಿಲ್ಲ.
ಮಿರೋನ್ ತಗಡು ಸರಿಸಿದ.
ಒಬ್ಬೊಬ್ಬರೇ ಇಳಿಯಿರಿ, ತಲೆ ಜೋಪಾನ.

ಗಾಜಿನಾಚೆ
ಬೇರು.
ಮೇಲೆ ಮೊಣಕಾಲುದ್ದ ಇದ್ದದ್ದು
ಕೆಳಗೆ ಲಿಗಾಯಳಿಗಿಂತ ಎತ್ತರ,
ಗಾಜು ಮುಗಿದರೂ ಮುಗಿಯದೆ ಇನ್ನೂ ಕೆಳಕ್ಕೆ;
ಬಿಳಿ ಎಳೆ, ಕಂದು ಎಳೆ, ನಡುವೆ
ಇರುವೆಗಳು ಕೊರೆದ ಸೊಟ್ಟ ಓಣಿ.
ಲಾರಿ ಬಂದು ಹೋದ ಸುದ್ದಿ
ಅಲ್ಲಿಯವರೆಗೆ ತಲುಪಿರಲೇ ಇಲ್ಲ.

ಅವಳು ಗಾಜಿಗೆ ಮೂಗು ಒತ್ತಿ ನಿಂತಳು.
ಹಬೆ ಕೂತಿತು, ತೋಳಿನಿಂದ ಒರೆಸಿದಳು,
ಮತ್ತೆ ಹಬೆ.
ಕಾಗದದವರು ಬರೆದ ಪದಕ್ಕೆ
ನಮ್ಮಲ್ಲಿ ಇನ್ನೊಂದು ಅರ್ಥವಿದೆ.
ಮೆಟ್ಟಿಲು ಹತ್ತಿ ಬಂದ ಅವಳ ಮುಖದಲ್ಲಿ
ಅದಿತ್ತು.

ಹಲಗೆ ಈಗ ಇದೆ. ಬಣ್ಣ ಒಣಗುವ ಮುಂಚೆ
ಮಳೆ ಬಂದು ಒಂದಕ್ಷರ ಇಳಿದುಹೋಗಿದೆ.
ಉಳಿದ ಅಂಗಳದ ಬಿರುಕುಗಳಿಗೆ ಮಿರೋನ್
ಈಗಲೂ ಕೀಲೆಣ್ಣೆ ಹಾಕುತ್ತಾನೆ, ಕೆಲಸವಲ್ಲವೆ.
ಬಾಸ್ಕೆಟ್‌ಬಾಲ್ ಕಂಬದ ಹಿಂದಿನ ಒಂದನ್ನು ಮಾತ್ರ
ಯಾಕೋ
ಪ್ರತಿ ಸಲ ಮರೆಯುತ್ತಾನೆ.